ದಡದಲ್ಲಿ ಕುಡಿಯಿರಿ, ಊಟ ಒಳಬೀದಿಯಲ್ಲಿ ಮಾಡಿ

ಪ್ರಶ್ನೆ: ಮಗಳನ್ನು ನೋಡಲು ಸಿಡ್ನಿಗೆ ಹೊರಟಿದ್ದೇವೆ. ಡಾರ್ಲಿಂಗ್ ಹಾರ್ಬರ್‌ನಲ್ಲಿ ಒಂದು ಸಂಜೆ ಊಟ ಮಾಡಬೇಕು ಅಂತ ಆಸೆ. ಯಜಮಾನರಿಗೆ ಮೀನಿಲ್ಲದೆ ಆಗುವುದಿಲ್ಲ. ನಾನು ಮೊಟ್ಟೆಯನ್ನೂ ಮುಟ್ಟುವವಳಲ್ಲ. ಇಬ್ಬರಿಗೂ ಒಂದೇ ಕಡೆ ಹೊಂದುತ್ತದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೊಂದುತ್ತದೆ ಅಮ್ಮ. ಆದರೆ ನೀರಿನ ಪಕ್ಕದ ಟೇಬಲ್ಲೇ ಬೇಕು ಅನ್ನುವ ಹಟ ಬಿಡಬೇಕು. ನಾನು ಓದುವಾಗ ಅಲ್ಲಿನ ಕಿಂಗ್ ಸ್ಟ್ರೀಟ್ ವಾರ್ಫ್ ಕಡೆಯ ಒಂದು ರೆಸ್ಟೋರೆಂಟಿನಲ್ಲಿ ಸಂಜೆ ಹೊತ್ತು ತಟ್ಟೆ ಎತ್ತುತ್ತಿದ್ದೆ. ಅಲ್ಲಿ ಅಡುಗೆಗಿಂತ ನೋಟಕ್ಕೇ ದುಡ್ಡು ಜಾಸ್ತಿ. ದಡದ ಮೇಲೆ ಒಂದು ಮುಖ್ಯ ತಿನಿಸಿಗೆ 40 ಡಾಲರ್ ಆಸುಪಾಸು ಕೊಟ್ಟರೆ, ಅದರಲ್ಲಿ ಅರ್ಧ ಆ ನೀರಿಗೆ, ದೀಪಗಳಿಗೆ ಹೋಯಿತು ಅಂದುಕೊಳ್ಳಿ. ಅದಕ್ಕೇ ನನ್ನ ಲೆಕ್ಕ ಇಷ್ಟೇ: ಸೂರ್ಯ ಮುಳುಗುವ ಹೊತ್ತಿಗೆ ದಡದಲ್ಲಿ ಕೂತು ಒಂದು ಜ್ಯೂಸೋ ವೈನೋ ಕುಡಿಯಿರಿ. ಊಟಕ್ಕೆ ಒಳಗೆ ನಡೆಯಿರಿ.

ಒಳಗೆ ಅಂದರೆ ತುಂಬ ದೂರವಲ್ಲ. ಹಾರ್ಬರ್‌ನ ದಕ್ಷಿಣದ ತುದಿಯಲ್ಲಿ ಡಾರ್ಲಿಂಗ್ ಸ್ಕ್ವೇರ್ ಇದೆ. ಮರದ ಪಟ್ಟಿಗಳನ್ನು ಹಕ್ಕಿಗೂಡಿನ ಹಾಗೆ ಸುತ್ತಿದ ಒಂದು ಕಟ್ಟಡ ಕಾಣುತ್ತದೆ. ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ಅವರ ಕೈಚಳಕ ಅದು. ಅಲ್ಲೇ ಹತ್ತಿರ ಸ್ಟೀಮ್ ಮಿಲ್ ಲೇನ್ ಅನ್ನುವ ಓಣಿಯ ತುಂಬ ಸಣ್ಣ ಸಣ್ಣ ತಿಂಡಿ ಅಂಗಡಿಗಳು. ಇನ್ನೂ ಸ್ವಲ್ಪ ಮುಂದೆ ಹೋದರೆ ಡಿಕ್ಸನ್ ಸ್ಟ್ರೀಟಿನ ಚೈನಾಟೌನ್, ಕ್ಯಾಂಪ್‌ಬೆಲ್ ಸ್ಟ್ರೀಟಿನ ಥಾಯ್ ಹೋಟೆಲುಗಳು. ದಡದ ಅರ್ಧ ಬೆಲೆಗೆ ಹೊಟ್ಟೆ ತುಂಬುತ್ತದೆ.

ಈಗ ನಿಮ್ಮ ವಿಚಾರ. ಆ ದೇಶದಲ್ಲಿ 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿಯೇ. ಸುಮ್ನೆ 'ವೀಗನ್' ಅನ್ನಿ, ಅಂದರೆ ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಅಂತ. ಮೊಸರು, ತುಪ್ಪ ತಪ್ಪಿಹೋಗುತ್ತದೆ ನಿಜ, ಆದರೆ ಮೊಟ್ಟೆಯ ಚಿಂತೆ ಇಲ್ಲ. ಥಾಯ್ ಹೋಟೆಲಿನಲ್ಲಿ ಇನ್ನೂ ಎರಡು ಮಾತು ಸೇರಿಸಿ: ಫಿಶ್ ಸಾಸ್ ಬೇಡ, ಆಯ್ಸ್ಟರ್ (ಕಡಲ ಚಿಪ್ಪುಜೀವಿ) ಸಾಸ್ ಬೇಡ. ತರಕಾರಿ ನೂಡಲ್ಸ್ ಅಂತ ಬರೆದಿದ್ದರೂ ಬಾಣಲೆಗೆ ಮೀನಿನ ಸಾಸ್ ಒಂದು ಚಮಚ ಬೀಳುವುದು ಅಲ್ಲಿ ಮಾಮೂಲಿ. ಆಲೂ ಚಿಪ್ಸ್ ಬೇಕಾದರೆ ಎಣ್ಣೆ ಬೇರೆಯೇ ಅಂತ ಕೇಳಿಕೊಳ್ಳಿ. ಎಷ್ಟೋ ಕಡೆ ಮೀನು ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುತ್ತಾರೆ. ಇಟಾಲಿಯನ್ ಹೋಟೆಲಿನ ಪಾರ್ಮೆಸಾನ್ ಚೀಸ್‌ನಲ್ಲಿ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುವುದುಂಟು, ಅದನ್ನೂ ಬಿಟ್ಟುಬಿಡಿ. ಇಷ್ಟೆಲ್ಲ ಕೇಳಿದರೆ ಅವರು ಬೇಸರ ಪಡುವುದಿಲ್ಲ. ಅಲರ್ಜಿ ಇದೆಯೇ ಅಂತ ಅವರೇ ಮೊದಲು ಕೇಳುವ ಊರು ಅದು. ಕೇಳುವ ಗೋಜೇ ಬೇಡ ಅನ್ನುವುದಾದರೆ ಸೇಂಟ್ ಮೇರಿಸ್ ಚರ್ಚಿನ ಹತ್ತಿರ ಬೋಧಿ ಅಂತ ಪೂರ್ತಿ ವೀಗನ್ ರೆಸ್ಟೋರೆಂಟ್ ಇದೆ. ಮಧ್ಯಾಹ್ನ ಹಬೆಯಲ್ಲಿ ಬೆಂದ ಪುಟ್ಟ ಪುಟ್ಟ ಕಡುಬಿನಂಥವು ಸಿಗುತ್ತವೆ. ದೋಸೆ ನೆನಪಾದರೆ ರೈಲು ಹತ್ತಿ ಹ್ಯಾರಿಸ್ ಪಾರ್ಕ್‌ಗೆ ಹೋಗಿ. ವಿಗ್ರಮ್ ಸ್ಟ್ರೀಟಿನಲ್ಲಿ ನಮ್ಮವರದೇ ದರಬಾರು.

ಯಜಮಾನರನ್ನು ಮಾತ್ರ ಒಂದು ಬೆಳಗ್ಗೆ ಬ್ಲ್ಯಾಕ್‌ವಾಟಲ್ ಬೇ ದಡದ ಮೀನು ಮಾರುಕಟ್ಟೆಗೆ ಕಳಿಸಿ. ನೀವು ಜೊತೆಗೆ ಹೋದರೂ ಅಡ್ಡಿಯಿಲ್ಲ, ಮೂಗು ಮುಚ್ಚಿಕೊಳ್ಳಿ ಅಷ್ಟೆ. ಬಾರಮುಂಡಿ ತಿನ್ನಲಿ. ಬಂಗಾಳಿಗಳು ಭೆಟ್ಕಿ ಅನ್ನುವ ಮೀನೇ ಅದು, ಮುಳ್ಳಿನ ಕಾಟ ಕಡಿಮೆ. ಕಾರವಾರದ ಕಡೆಯ ಕಲ್ವ ತಿಂದು ರೂಢಿಯಿದ್ದರೆ ಸಿಡ್ನಿ ರಾಕ್ ಆಯ್ಸ್ಟರ್ ಬಿಡಬಾರದು. ಪೆಸಿಫಿಕ್ ಆಯ್ಸ್ಟರ್ ನೋಡಲು ದೊಡ್ಡದು, ರುಚಿಗೆ ಚಿಕ್ಕದಾದ ರಾಕ್ ಆಯ್ಸ್ಟರೇ ವಾಸಿ. ಒಂದು ಗುಟ್ಟು ಹೇಳುತ್ತೇನೆ: ಮೊದಲೇ ಬಿಡಿಸಿ, ನಲ್ಲಿ ನೀರಲ್ಲಿ ತೊಳೆದು ಐಸ್ ಮೇಲೆ ಜೋಡಿಸಿದ್ದನ್ನು ಕೊಳ್ಳಬೇಡಿ. ಎದುರಿಗೇ ಚಾಕು ತೂರಿಸಿ ಚಿಪ್ಪು ಬಿಡಿಸಿಕೊಡಿ ಅನ್ನಿ. ಚಿಪ್ಪಿನ ತಳದಲ್ಲಿ ಒಂದು ಚಮಚದಷ್ಟು ಉಪ್ಪುನೀರು ನಿಂತಿರುತ್ತದೆ. ಅದನ್ನು ಚೆಲ್ಲದೆ, ಎರಡು ಹನಿ ನಿಂಬೆ ಹಿಂಡಿ ಒಟ್ಟಿಗೇ ಬಾಯಿಗೆ ಹಾಕಿಕೊಳ್ಳಬೇಕು. ಹೊರಗೆ ಕೂತು ತಿನ್ನುವುದಾದರೆ ಕಡಲಹಕ್ಕಿಗಳ ಮೇಲೆ ಒಂದು ಕಣ್ಣಿರಲಿ. ಅವು ಬೇಡುವ ಜಾತಿಯಲ್ಲ, ಕಿತ್ತುಕೊಳ್ಳುವ ಜಾತಿ.

ಪ್ರಶ್ನೆ: ಕಂಪನಿ ಕೆಲಸಕ್ಕೆ ಡಾರ್ಲಿಂಗ್ ಹಾರ್ಬರ್‌ನ ಕನ್ವೆನ್ಶನ್ ಸೆಂಟರಿಗೆ ಹೋಗುತ್ತಿದ್ದೇನೆ. ಸಂಜೆ ಸಹೋದ್ಯೋಗಿಗಳ ಜೊತೆ ಬಿಯರ್ ಕುಡಿಯಲು ಯಾವ ಕಡೆ ಒಳ್ಳೆಯದು? ಅಲ್ಲಿನ ರೀತಿ ರಿವಾಜು ಏನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕನ್ವೆನ್ಶನ್ ಸೆಂಟರಿನಿಂದ ಪಿರ್ಮಾಂಟ್ ಸೇತುವೆ ದಾಟಿ. 1902ರಲ್ಲಿ ಶುರುವಾದ ಸೇತುವೆ, ದೊಡ್ಡ ದೋಣಿ ಬಂದರೆ ನಡುಭಾಗ ತಿರುಗಿ ದಾರಿ ಬಿಡುತ್ತದೆ. ಆಚೆ ದಡದಲ್ಲಿ ಬಲಕ್ಕೆ ಹೋಗಬೇಡಿ, ಎಡಕ್ಕೆ ಹಿಡಿದರೆ ಕಿಂಗ್ ಸ್ಟ್ರೀಟ್ ವಾರ್ಫ್, ಅದರ ಮುಂದೆ ಬಾರಂಗರೂ. ಅಲ್ಲಿನ ಮೂಲನಿವಾಸಿ ಕ್ಯಾಮರೇಗಲ್ ಬುಡಕಟ್ಟಿನ ಮೀನುಗಾರ ಹೆಣ್ಣುಮಗಳೊಬ್ಬಳ ಹೆಸರು ಅದು. ಬಾರಂಗರೂ ಬೆನ್ನಿಗಿರುವ ಹಿಕ್ಸನ್ ರಸ್ತೆಗೆ ಒಂದು ಕಾಲದಲ್ಲಿ 'ಹಂಗ್ರಿ ಮೈಲ್' ಅಂತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹಡಗುಕಟ್ಟೆಯ ಕೂಲಿಗಳು ಕೆಲಸ ಹುಡುಕುತ್ತ ಹಸಿದ ಹೊಟ್ಟೆಯಲ್ಲಿ ಅಲೆದ ರಸ್ತೆ. ಈಗ ಅಲ್ಲೇ ಸಿಡ್ನಿಯ ದುಬಾರಿ ಊಟ!

ನನ್ನನ್ನು ಕೇಳಿದರೆ ಇನ್ನೂ ಸ್ವಲ್ಪ ನಡೆದು ದಿ ರಾಕ್ಸ್ ಅನ್ನುವ ಹಳೆಯ ಬಡಾವಣೆ ಕಡೆ ಹೋಗಿ. ಲಾರ್ಡ್ ನೆಲ್ಸನ್ ಪಬ್ಬಿಗೆ 1841ರಿಂದ ಪರವಾನಗಿ ಇದೆ, ಬಿಯರ್ ತಾವೇ ಮಾಡುತ್ತಾರೆ. ಕಲ್ಲಿನ ಗೋಡೆ, ಗಲಾಟೆ ಮ್ಯೂಸಿಕ್ ಇಲ್ಲ, ಮಾತಾಡಲು ಬರುತ್ತದೆ.

ಬಿಯರ್ ಕೇಳುವಾಗ ಸ್ಕೂನರ್ ಅಂದರೆ 425 ಮಿಲಿ, ಮಿಡಿ ಅಂದರೆ 285. ಗುಂಪಿನಲ್ಲಿ ಒಬ್ಬರು ಎಲ್ಲರಿಗೂ ಒಂದು ಸುತ್ತು ಕೊಡಿಸುತ್ತಾರೆ, ಆಮೇಲೆ ಇನ್ನೊಬ್ಬರು. ನಿಮ್ಮ ಸರದಿ ಬಂದಾಗ ಫೋನ್ ನೋಡುತ್ತ ಕೂತರೆ ಜಿಪುಣ ಅನ್ನುವ ಹೆಸರು ವರ್ಷಗಟ್ಟಲೆ ಉಳಿಯುತ್ತದೆ. ವಯಸ್ಸು ಚಿಕ್ಕದಾಗಿ ಕಂಡರೆ ಪಾಸ್‌ಪೋರ್ಟ್ ಕೇಳುತ್ತಾರೆ, ಅಸಲು ಪ್ರತಿಯೇ ಬೇಕು. ಜಾಸ್ತಿ ಆಗಿದೆ ಅನ್ನಿಸಿದರೆ ಮುಂದಿನ ಗ್ಲಾಸ್ ಕೊಡುವುದಿಲ್ಲ. ಕಾನೂನು ಹಾಗಿದೆ, ವಾದಿಸಿ ಲಾಭವಿಲ್ಲ. ಊಟ ಮುಂಚೆಯೇ ಹೇಳಿಬಿಡಿ. ಬಾರ್ ನಡೆಯುತ್ತಿದ್ದರೂ ಎಷ್ಟೋ ಕಡೆ ಅಡುಗೆಮನೆ 9ರ ಹೊತ್ತಿಗೆ ಒಲೆ ಆರಿಸುತ್ತದೆ. ನಮ್ಮ ಹತ್ತು ಗಂಟೆಯ ಊಟದ ರೂಢಿ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಇಬ್ಬರು ಚಿಕ್ಕ ಮಕ್ಕಳ ಜೊತೆ ಹೋಗುತ್ತೇವೆ. ಖರ್ಚು ಕಡಿಮೆ ಮಾಡುವುದು ಹೇಗೆ? ಟಿಪ್ಸ್ ಕೊಡಲೇಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಟಿಪ್ಸ್ ಕಡ್ಡಾಯವಲ್ಲ. ಮೆನುವಿನ ಬೆಲೆಯಲ್ಲೇ 10% ತೆರಿಗೆ ಸೇರಿರುತ್ತದೆ. ಆದರೆ ಮೆನುವಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಭಾನುವಾರ, ಸರ್ಕಾರಿ ರಜೆಯ ದಿನ 10ರಿಂದ 15% ಜಾಸ್ತಿ ಹಾಕುವವರೇ ಹೆಚ್ಚು. ವಾರದ ನಡುವೆ ಹೋಗಿ. ನೀರು ಯಾವುದು ಅಂತ ಕೇಳಿದರೆ 'ಟ್ಯಾಪ್ ವಾಟರ್' ಅನ್ನಿ. ಮದ್ಯದ ಪರವಾನಗಿ ಇರುವ ಕಡೆ ಕುಡಿಯುವ ನೀರು ಪುಕ್ಕಟೆ. ಹಾಗೆ ಅನ್ನದಿದ್ದರೆ ಬಾಟಲಿ ಬರುತ್ತದೆ, ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ಮಕ್ಕಳನ್ನು ಡಾರ್ಲಿಂಗ್ ಕ್ವಾರ್ಟರ್‌ನ ಆಟದ ಮೈದಾನಕ್ಕೆ ಬಿಡಿ. ನೀರಾಟ ಇದೆ, ದುಡ್ಡು ಕೊಡಬೇಕಿಲ್ಲ. ಪಕ್ಕದಲ್ಲೇ ಕಾಫಿ ಅಂಗಡಿಗಳು. ನಮ್ಮ ಸಂಜೆ ಕಾಫಿಯ ಹೊತ್ತಿಗೆ ಅಲ್ಲಿನ ಎಷ್ಟೋ ಕೆಫೆಗಳು ಮುಚ್ಚಿರುತ್ತವೆ, 3 ಗಂಟೆಯೊಳಗೆ ಕುಡಿದುಬಿಡಿ. ನೀರಾಟದಲ್ಲಿ ನೆನೆಯುವ ಮಕ್ಕಳಿಗೆ ಬದಲು ಬಟ್ಟೆ ಒಂದು ಜೊತೆ ಬ್ಯಾಗಿನಲ್ಲಿರಲಿ.