ಆನಂದವಾಗದಿದ್ದರೂ ಮರಗಳ ನಡುವೆ ನಡೆಯಬೇಕೇ?

ಪ್ರಶ್ನೆ: ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕಪತ್ರ ನೋಡುವ ಕೆಲಸ ನನ್ನದು. ಸಂಜೆಯಾಗುವಷ್ಟರಲ್ಲಿ ತಲೆ ಭಾರವಾಗಿ ಸಣ್ಣ ಮಾತಿಗೂ ರೇಗುತ್ತೇನೆ. ಸ್ನೇಹಿತರ ಸಲಹೆಯಂತೆ ಮೂರು ವಾರಗಳಿಂದ ಇಯರ್‌ಫೋನ್ ಹಾಕಿಕೊಂಡು ಉದ್ಯಾನದಲ್ಲಿ ನಡೆಯುತ್ತಿದ್ದೇನೆ. ಹೇಳಿಕೊಳ್ಳುವಂಥ ಆನಂದವೇನೂ ಆಗಿಲ್ಲ. ಮುಂದುವರಿಸಲೇ?

ಉತ್ತರ: ಖಂಡಿತ ಮುಂದುವರಿಸಿ, ಆದರೆ ಇಯರ್‌ಫೋನ್ ಮನೆಯಲ್ಲೇ ಇರಲಿ. ಆನಂದವಾಗಲಿಲ್ಲವೆಂಬ ಚಿಂತೆಯನ್ನೂ ಬಿಡಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು ಒಂದು ಗಂಟೆ ಮರಗಳ ನಡುವೆ ನಡೆದು ಬಂದವರು, ಕೇಳಿದ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳುವ ಪರೀಕ್ಷೆಯನ್ನು ಮೊದಲಿಗಿಂತ ಚೆನ್ನಾಗಿ ಮಾಡಿದರು. ಅವರೇ ನಗರದ ಬೀದಿಗಳಲ್ಲಿ ನಡೆದು ಬಂದಾಗ ಅಷ್ಟು ಸುಧಾರಣೆ ಕಾಣಲಿಲ್ಲ. ಕೊರೆಯುವ ಚಳಿಯಲ್ಲಿ ನಡೆದವರಿಗೂ ಈ ಲಾಭ ದೊರೆತಿತ್ತು ಎಂಬುದನ್ನು ನೀವು ಗಮನಿಸಬೇಕು.

ಲೆಕ್ಕಪತ್ರ ನೋಡುವಾಗ ಮನಸ್ಸನ್ನು ಅತ್ತಿತ್ತ ಹೋಗಗೊಡದೆ ಬಲವಂತವಾಗಿ ಹಿಡಿದಿಟ್ಟಿರುತ್ತೀರಿ. ಹಾಗೆ ಹಿಡಿದಿಡುವ ಶಕ್ತಿ ದಣಿದಾಗ ತಪ್ಪುಗಳು ಹೆಚ್ಚುತ್ತವೆ, ಸಿಡಿಮಿಡಿಯೂ ಶುರುವಾಗುತ್ತದೆ. ಆದರೆ ತೊಗಟೆಯ ಬಿರುಕಿನಗುಂಟ ನಾಲ್ಕು ಇರುವೆಗಳು ತಮಗಿಂತ ದೊಡ್ಡದಾದ ಚಿಟ್ಟೆಯ ರೆಕ್ಕೆಯನ್ನು ಎಳೆದೊಯ್ಯುತ್ತ, ಗಾಳಿಗೆ ಅದು ವಾಲಿದಾಗೆಲ್ಲ ನಿಂತು ಹಿಡಿತ ಬದಲಿಸುವುದನ್ನು ನೋಡಲು ಯಾವ ಬಲವಂತವೂ ಬೇಕಿಲ್ಲ. ದಣಿದ ಶಕ್ತಿಗೆ ಬಿಡುವು ಸಿಗುವುದು ಆಗಲೇ. ಕಿವಿಯಲ್ಲಿ ಯಾರದೋ ಮಾತು ಓಡುತ್ತಿದ್ದರೆ ಈ ಬಿಡುವು ಅರ್ಧಕ್ಕರ್ಧ ಕಡಿಮೆಯಾದೀತೆಂಬುದು ನನ್ನ ಎಣಿಕೆ.

ದೇಹಕ್ಕೂ ಇದರ ಪಾಲುಂಟು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು ಮತ್ತು ಅವರಿಗೆ ಪ್ರಬಲ ನೋವುನಿವಾರಕಗಳು ಕಡಿಮೆ ಬೇಕಾದವು ಎಂದು ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲೇ ತೋರಿಸಿದ್ದರು. ಸಾಧ್ಯವಾದರೆ ಕೆಲವು ದಿನ ಬೆಳಿಗ್ಗೆ ಹೋಗಿ: ಮೋಡ ಕವಿದಿದ್ದರೂ ಹೊರಗಿನ ಬೆಳಕು ಕೋಣೆಯ ಬೆಳಕಿಗಿಂತ ಎಷ್ಟೋ ಪಟ್ಟು ಪ್ರಖರವಾಗಿದ್ದು, ನಿದ್ರೆಯ ಲಯವನ್ನು ಸರಿಪಡಿಸಲು ನೆರವಾಗುತ್ತದೆ.

ಎಷ್ಟು ಹೊತ್ತು ಎಂದರೆ, ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯ ನಡುವೆ ಕಳೆದವರಲ್ಲಿ ತಾವು ಆರೋಗ್ಯವಾಗಿದ್ದೇವೆ ಎಂದವರು ಹೆಚ್ಚು ಎಂದು ಕಂಡುಕೊಂಡಿತು. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಿರಲೂಬಹುದಾದ್ದರಿಂದ, ಆ ಅಂಕಿಯನ್ನು ಔಷಧಿಯ ಪ್ರಮಾಣದಂತೆ ಭಾವಿಸಬೇಡಿ.

ನಿದ್ರೆ, ಹಸಿವು ಎರಡೂ ಕೆಟ್ಟು ಎರಡು ವಾರ ಮೀರಿದ್ದರೆ ವೈದ್ಯರನ್ನು ಕಾಣಿ. ತಲೆಭಾರಕ್ಕೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಕನ್ನಡಕದ ನಂಬರು ಬದಲಾಗಿದ್ದರೆ ಅದನ್ನು ಉದ್ಯಾನ ಸರಿಪಡಿಸದು.