ಬೈಗೆ ಮೀನು ಕಡಿಮೆಯಾದರೆ ಯಾರನ್ನು ದೂರಬೇಕು?

ಪ್ರಶ್ನೆ: ಮಾನ್ಯರೇ, ನಮ್ಮದು ಮೀನುಗಾರರ ಮನೆ. ಕೆಲವು ವರ್ಷ ಬೈಗೆ ಮೀನು ರಾಶಿ ಬೀಳುತ್ತದೆ, ಕೆಲವು ವರ್ಷ ಸಾರಿಗೂ ಸಿಗುವುದಿಲ್ಲ. ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನವರು ಬಳಿದುಕೊಂಡು ಹೋಗುವುದೇ ಇದಕ್ಕೆ ಕಾರಣ ಎಂದು ಅಪ್ಪ ಹೇಳುತ್ತಾರೆ. ಕಾಲೇಜಿನಲ್ಲಿ ಎಲ್ ನಿನೊ, ಅಂದರೆ ಪೆರುವಿನ ಕಡೆಯ ಪೆಸಿಫಿಕ್ ಸಾಗರದ ಮೇಲ್ನೀರು ಬಿಸಿಯಾಗುವುದು, ಕಾರಣ ಎಂದು ಕಲಿಸಿದರು. ಪೆರುವಿನ ಕಡಲು ಬಿಸಿಯಾದರೆ ಗಂಗೊಳ್ಳಿಯಲ್ಲಿ ಮೀನು ಏಕೆ ಕಡಿಮೆಯಾಗಬೇಕು? ಯಾರ ಮಾತು ಸರಿ?
– ಒಬ್ಬ ವಿದ್ಯಾರ್ಥಿನಿ, ಕುಂದಾಪುರ ತಾಲ್ಲೂಕು

ಉತ್ತರ: ನಿಮ್ಮ ಬೈಗೆ, ನಮ್ಮ ಮಲ್ಪೆಯ ಬೂತಾಯಿ, ಕಾರವಾರದ ತಾರ್ಲೆ ಎಲ್ಲವೂ ಒಂದೇ ಮೀನು. ಬಂದರಿನಲ್ಲಿ ನಿಂತು ಬೋಟಿನಿಂದ ಇಳಿಯುವ ಬುಟ್ಟಿಗಳನ್ನು ಎಣಿಸಿ ಬರೆದುಕೊಳ್ಳುವುದೇ ಇಪ್ಪತ್ತೆಂಟು ವರ್ಷ ನನ್ನ ಕೆಲಸವಾಗಿತ್ತು. ಹಾಗಾಗಿ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ನಾನು ಹುಡುಗನಾಗಿದ್ದಾಗ ರಂಪಣಿ ಬಲೆ ಎಳೆಯಲು ಊರಿಗೆ ಊರೇ ಕಡಲ ದಂಡೆಗೆ ಇಳಿಯುತ್ತಿತ್ತು. ಒಂದು ವರ್ಷ ಬೂತಾಯಿ ಎಷ್ಟು ಬಿತ್ತೆಂದರೆ, ಕೊಳ್ಳುವವರಿಲ್ಲದೆ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕಿದೆವು. ಎಣ್ಣೆ ತೆಗೆದು ದೋಣಿಗೆ ಬಳಿದೆವು. ಮರುವರ್ಷ ಅದೇ ದಂಡೆಯಿಂದ ಅಮ್ಮ ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದರು. ಆಗ ಪರ್ಸೀನ್ ಬೋಟುಗಳು ಇರಲಿಲ್ಲ. ಅವು ನಮ್ಮ ಕರಾವಳಿಗೆ ಬಂದದ್ದು 1970ರ ದಶಕದ ನಡುವಿನಲ್ಲಿ. ಅದಕ್ಕೂ ಹಿಂದೆ, 1940ರ ದಶಕದಲ್ಲಿ, ಯಂತ್ರದ ದೋಣಿಗಳೇ ಇಲ್ಲದ ಕಾಲದಲ್ಲಿ ಬೂತಾಯಿ ಹಲವು ವರ್ಷ ಮುಖ ತೋರಿಸಲಿಲ್ಲ. ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ಮಾತ್ರ ಸರಿ ಎನ್ನುವುದು ಇದಕ್ಕೇ.

ಬೂತಾಯಿಯ ಅದೃಷ್ಟ ಇರುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೂ ಭೂಮಿಯ ತಿರುಗುವಿಕೆಯೂ ಸೇರಿ ಕಡಲ ಮೇಲ್ನೀರನ್ನು ದಂಡೆಯಿಂದ ಆಚೆಗೆ ತಳ್ಳುತ್ತವೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದು ತಂದ ಸತ್ವವನ್ನು ಉಂಡು ಕಣ್ಣಿಗೆ ಕಾಣದ ಪಾಚಿಗಳು ಬೆಳೆಯುತ್ತವೆ. ಬೂತಾಯಿಗೆ ಅವೇ ಊಟ. ಎಲ್ ನಿನೊ ವರ್ಷಗಳಲ್ಲಿ ಮುಂಗಾರು ಗಾಳಿ ಹಲವು ಸಲ ಸೊರಗುತ್ತದೆ, ಹಿಂದೂ ಮಹಾಸಾಗರದ ಮೇಲ್ಪದರ ಬಿಸಿಯಾಗುತ್ತದೆ. ಬಿಸಿನೀರು ಮುಚ್ಚಳದಂತೆ ಕುಳಿತರೆ ಕೆಳಗಿನ ಸತ್ವ ಮೇಲೆ ಬರುವುದು ಕಷ್ಟ. ತಣ್ಣೀರು ಅತಿಯಾಗಿ ಏರಿದರೂ ತೊಂದರೆಯೇ, ಏಕೆಂದರೆ ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೂತಾಯಿಗೆ ಹದ ಬೇಕು.

ನಮ್ಮ ಕಡಲಿನ ಏರಿಳಿತ ಪೆರುವಿನಲ್ಲೇ ಹುಟ್ಟಬೇಕೆಂದಿಲ್ಲ. ಹಿಂದೂ ಮಹಾಸಾಗರದ ಪೂರ್ವ ಮತ್ತು ಪಶ್ಚಿಮ ಭಾಗಗಳು ತಕ್ಕಡಿಯಂತೆ ಒಂದು ಬಿಸಿಯಾಗಿ ಇನ್ನೊಂದು ತಣ್ಣಗಾಗುವುದನ್ನು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನಾಲ್ವರು ವಿಜ್ಞಾನಿಗಳು ವಿವರಿಸಿದರು. ಅವರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಪಿ.ಎನ್. ವಿನಯಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. ನನಗೆ ಅದಕ್ಕಿಂತ ಅಚ್ಚರಿಯೆನಿಸುವುದು ಕಡಲೊಳಗಿನ ಅಲೆ. ಸಮಭಾಜಕದ ಬಳಿ ಗಾಳಿ ಬದಲಾದರೆ ಒಂದು ಅಲೆ ಸುಮಾತ್ರಾ ಮುಟ್ಟಿ, ಬಂಗಾಳ ಕೊಲ್ಲಿಯ ಅಂಚು ಹಿಡಿದು, ಶ್ರೀಲಂಕಾ ಸುತ್ತಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತದೆ. ದಿನಕ್ಕೆ ಸುಮಾರು ಇನ್ನೂರು ಕಿಲೋಮೀಟರ್ ಅದರ ನಡಿಗೆ. ಅದು ತಣ್ಣೀರಿನ ಪದರವನ್ನು ಎತ್ತುತ್ತದೆ ಅಥವಾ ಇಳಿಸುತ್ತದೆ. ದಂಡೆಯಲ್ಲಿ ನಿಂತವರಿಗೆ ಇದು ಯಾವುದೂ ಕಾಣುವುದಿಲ್ಲ.

ಈಗ ನಿಮ್ಮ ತಂದೆಯವರ ಇನ್ನರ್ಧ. ಪೆರು 1970ರಲ್ಲಿ ಆಂಚೊವೆಟಾ ಎಂಬ ಸಣ್ಣ ಮೀನನ್ನು ಸುಮಾರು 1.2 ಕೋಟಿ ಟನ್ ಹಿಡಿದಿತ್ತು. 1972ರ ಎಲ್ ನಿನೊ ಬಂದಾಗ, ಮೊದಲೇ ಅತಿಯಾಗಿ ಹಿಡಿದಿದ್ದ ಆ ಮೀನು ಚೇತರಿಸಿಕೊಳ್ಳಲಿಲ್ಲ. 1973ರಲ್ಲಿ ಸಿಕ್ಕಿದ್ದು 20 ಲಕ್ಷ ಟನ್ನಿನ ಆಸುಪಾಸು. ನಮ್ಮ ನೆರೆಯ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಬೂತಾಯಿ ಇಳಿದಿತ್ತು. 2021ರಲ್ಲಿ 3,297 ಟನ್! ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ಇದು. ನಡುವೆ 2015–16ರ ದೊಡ್ಡ ಎಲ್ ನಿನೊ ಇತ್ತು, ನಿಜ. ಆದರೆ ಕಡಲು ಬಡವಾಗಿದ್ದ ವರ್ಷಗಳಲ್ಲೇ ಬೆರಳುದ್ದದ ಮರಿಗಳು ಮೀನುಹಿಟ್ಟಿನ ಕಾರ್ಖಾನೆಗೆ ಲಾರಿಯಲ್ಲಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹೊಟ್ಟೆ ಉರಿಯುವುದು ಅಲ್ಲಿ. ಬೂತಾಯಿಯ ಆಯುಸ್ಸೇ ಎರಡೂವರೆ ವರ್ಷ. ಮೊಟ್ಟೆ ಇಡುವ ಮೊದಲೇ ಹಿಡಿದರೆ ಮರುವರ್ಷದ ಮಳೆಗಾಲ ಎಷ್ಟೇ ಚೆನ್ನಾಗಿದ್ದರೂ ಆ ಪಾಚಿಯನ್ನು ಉಣ್ಣಲು ಮೀನೇ ಇರುವುದಿಲ್ಲ. ಗಾಳಿಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ, ಬಲೆಯ ಕಣ್ಣನ್ನು ತಿದ್ದಬಹುದು. ಈ ಎರಡನ್ನೂ ತಂದೆಯವರಿಗೆ ಹೇಳಿ. ಅವರ ದೋಣಿಗೆ ಮಳೆಗಾಲದ ನಂತರ ಮೊದಲ ಬೈಗೆ ಬಿದ್ದ ದಿನಾಂಕ, ಅದರ ಉದ್ದ ನೆನಪಿದ್ದರೆ ನನಗೆ ಬರೆದು ಕಳುಹಿಸಿ. ಎಷ್ಟು ಹಳೆಯದಾದರೂ ಬೇಕು.

ಪ್ರಶ್ನೆ: ಮೀನು ಎಲ್ಲಿದೆ ಎಂದು ಮೊಬೈಲ್‌ಗೆ ಬರುವ ಸಂದೇಶವನ್ನು ನಂಬಬಹುದೇ?
– ಒಬ್ಬ ಬೋಟ್ ಚಾಲಕರು, ಹೊನ್ನಾವರ

ಉತ್ತರ: ನಂಬಿ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕಡಲ ಮಾಹಿತಿ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ಬಿಸಿಯನ್ನೂ ಪಾಚಿಯ ಹಸಿರನ್ನೂ ನೋಡಿ, ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರಕ್ಕೆ, ಎಷ್ಟು ಆಳಕ್ಕೆ ಹೋಗಬೇಕೆಂದು ತಿಳಿಸುತ್ತದೆ. ಡೀಸೆಲ್ ಉಳಿಯುತ್ತದೆ. ಆದರೆ ಮೋಡ ಕವಿದರೆ ಉಪಗ್ರಹಕ್ಕೆ ಕಡಲು ಕಾಣುವುದಿಲ್ಲ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟ್ ಇಳಿಸುವ ಮೊದಲ ದಿನಗಳಲ್ಲಿ, ನಿಮ್ಮ ಬಂದರಿನ ಹಿರಿಯ ತಾಂಡೇಲರನ್ನು (ಬೋಟಿನ ಮುಖ್ಯಸ್ಥರನ್ನು) ಕೇಳಿಕೊಂಡೇ ಹೊರಡಿ.