ರೋಬೋ ಹಿಂದೆ ಪೈಪ್ ಹಿಡಿದವರು ಎಲ್ಲಿ?

ನಮಸ್ಕಾರ.

ಬೆಂಕಿ ನಂದಿಸುವ ರೋಬೋಗಳ ಬಗ್ಗೆ ನೀವು ಕಳಿಸಿದ ‘ಬೆಂಕಿಗೆ ಅಂಜದ ಉಕ್ಕಿನ ವೀರ’ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಮಾಹಿತಿಗಾಗಿ ಓಡಾಡಿದ್ದೀರಿ. ಸಂತೋಷ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಎರಡು ಕಡೆ ನನಗೆ ಸಿಟ್ಟೇ ಬಂತು.

ಮೊದಲನೆಯದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿ ದುರಂತದ ಬಗ್ಗೆ ಬರೆದ ಸಾಲು. “ಅಂದು ರೋಬೋ ಇದ್ದಿದ್ದರೆ ಒಂಬತ್ತು ಜೀವಗಳು ಉಳಿಯುತ್ತಿದ್ದವು.” ಯಾವ ಆಧಾರದ ಮೇಲೆ? 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಆ ಕಟ್ಟಡದಲ್ಲಿ ಜನರನ್ನು ಕಂಗೆಡಿಸಿದ್ದು ಜ್ವಾಲೆಗಿಂತ ಜಾಸ್ತಿ ಹೊಗೆ. ವೈರುಗಳು ಹಾದುಹೋಗುವ ಡಕ್ಟ್ ಹಿಡಿದು ಅದು ಮಹಡಿಯಿಂದ ಮಹಡಿಗೆ ಏರಿತು. ಉಸಿರುಗಟ್ಟಿದ ಕೆಲವರು ಗಾಜು ಒಡೆದು ಕೆಳಗೆ ಹಾರಿದರು. ತುರ್ತು ದಾರಿಗಳು ಮುಚ್ಚಿದ್ದವು ಎಂದು ಆಗ ವರದಿಗಳಾದವು. ನೀವು ವರ್ಣಿಸುವ ರೋಬೋ ನೀರು ಚಿಮ್ಮಿಸುವ ಯಂತ್ರ. ಬೀಗ ಹಾಕಿದ ಮೆಟ್ಟಿಲ ಬಾಗಿಲನ್ನು ಅದು ತೆರೆಯುತ್ತಿತ್ತಾ? ಅಂದು ತಮ್ಮವರನ್ನು ಕಳೆದುಕೊಂಡವರ ಎದುರು ಕೂತು ಈ ಮಾತು ಹೇಳಬಲ್ಲಿರಾ? ಸಾಲನ್ನು ತೆಗೆದುಬಿಡಿ.

ಎರಡನೆಯದು ಪ್ಯಾರಿಸ್‌ನ ನೋತ್ರ್ ದಾಮ್ ಭಾಗ. “ಕೊಲೋಸಸ್ ಅಪಾಯ ಅರಿತು ತಾನೇ ಒಳಗೆ ನುಗ್ಗಿತು” ಎಂದು ಅಲ್ಲಿ ಬಳಸಿದ ರೋಬೋ ಬಗ್ಗೆ ಬರೆದಿದ್ದೀರಿ. ಇಲ್ಲ. 2019ರ ಏಪ್ರಿಲ್ 15ರ ಸಂಜೆ ಬೆಂಕಿಯಲ್ಲಿ ಚರ್ಚಿನ ಶಿಖರ ಕುಸಿದಾಗ ಒಳಗಿದ್ದ ಸಿಬ್ಬಂದಿಯನ್ನು ಹೊರಗೆ ಕರೆಸಿದರು. ಅವರ ಬದಲಿಗೆ ಯಂತ್ರವನ್ನು ಕಳಿಸಿದರು. ಕರೆಸಿದ್ದೂ ಕಳಿಸಿದ್ದೂ ಅಧಿಕಾರಿಗಳು. ದೂರದಲ್ಲಿ ರಿಮೋಟ್ ಹಿಡಿದು ಅದನ್ನು ನಡೆಸಿದ್ದು ಒಬ್ಬ ಮನುಷ್ಯ. ನಿಮ್ಮ ಲೇಖನದಲ್ಲಿ ಆ ಮನುಷ್ಯ ಒಂದು ಸಲವೂ ಕಾಣುವುದಿಲ್ಲ.

ಮುಂದಿನ ಸಾಲು: “ನಿಮಿಷಕ್ಕೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಸುವ ಸಾಮರ್ಥ್ಯ.” ಸರಿ, ಆದರೆ ಆ ನೀರು ಎಲ್ಲಿಂದ? ಈ ಲೆಕ್ಕದಲ್ಲಿ ಫೈರ್ ಇಂಜಿನ್ನಿನ 4,500 ಲೀಟರಿನ ಟ್ಯಾಂಕ್ ಎರಡು ನಿಮಿಷ ಚಿಲ್ಲರೆಯಲ್ಲಿ ಖಾಲಿ. ಅದರ ಹಿಂದೆ ಇನ್ನೊಂದು ಗಾಡಿ ಬೇಕು, ಅದಕ್ಕೆ ನಿಲ್ಲಲು ಜಾಗ ಬೇಕು. ರೋಬೋ ತನ್ನ ಹಿಂದೆ ಪೈಪನ್ನೂ ಎಳೆದುಕೊಂಡು ಹೋಗಬೇಕು. 63 ಮಿಲಿಮೀಟರಿನ ಹೋಸ್ 30 ಮೀಟರ್ ಉದ್ದ ಇದ್ದರೆ ಅದರೊಳಗಿನ ನೀರೇ 90 ಕಿಲೋಗಿಂತ ಜಾಸ್ತಿ ತೂಗುತ್ತದೆ. ತಿರುವಿನಲ್ಲಿ, ಕಂಬದ ಮೂಲೆಯಲ್ಲಿ ಅದು ಸಿಕ್ಕಿಕೊಂಡರೆ ಬಿಡಿಸುವವರು ಯಾರು?

ನಾನು ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ. ಅಲ್ಲಿನ ಹಿರಿಯ ಉಪಸಂಪಾದಕರು ಬೆಂಕಿಯ ಸುದ್ದಿ ಬಂದರೆ ಮೊದಲು ಕೇಳುತ್ತಿದ್ದದ್ದು, “ನೀರು ಎಲ್ಲಿಂದ ತಂದ್ರಂತೆ?” ಒಮ್ಮೆ ಚಿಕ್ಕಪೇಟೆಯ ಗೋದಾಮಿಗೆ ಬೆಂಕಿ ಬಿದ್ದಾಗ ನನ್ನನ್ನೇ ಕಳಿಸಿದರು. ಗಲ್ಲಿಯೊಳಗೆ ಫೈರ್ ಇಂಜಿನ್ ಹೋಗಿರಲಿಲ್ಲ. ಸಿಬ್ಬಂದಿ ದೊಡ್ಡ ರಸ್ತೆಯಿಂದ ಪೈಪಿಗೆ ಪೈಪು ಜೋಡಿಸುತ್ತಾ ಬಂದಿದ್ದರು. ಒಬ್ಬರು ನಿಂತಿದ್ದ ಸ್ಕೂಟರುಗಳನ್ನು ಎತ್ತಿ ಎತ್ತಿ ಪಕ್ಕಕ್ಕಿಡುತ್ತಿದ್ದರು. ಮರುದಿನದ ವರದಿಯನ್ನು ನಾನು ಅವರಿಂದಲೇ ಶುರು ಮಾಡಿದೆ. ಹಿರಿಯರು ಒಂದು ಅಕ್ಷರವನ್ನೂ ತಿದ್ದಲಿಲ್ಲ. ಆ ಖುಷಿ ಇವತ್ತಿಗೂ ನೆನಪಿದೆ.

ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಗ್ಯಾಸ್ ಸಿಲಿಂಡರ್ ಸಿಡಿಯಬಹುದಾದ ಜಾಗಕ್ಕೆ, ಚಾವಣಿ ಬೀಳುವಂತಿರುವ ಗೋದಾಮಿಗೆ ಮನುಷ್ಯರನ್ನು ಯಾಕೆ ಕಳಿಸಬೇಕು? 2022ರಲ್ಲಿ ದೆಹಲಿಗೆ ಇಂಥ ರೋಬೋಗಳು ಬಂದವು. ನಿಮ್ಮ ಲೇಖನದಲ್ಲಿ ಅದಕ್ಕೆ ಅರ್ಧ ಸಾಲು ಸಿಕ್ಕಿದೆ. ನಮ್ಮ ಪೇಟೆ ಗಲ್ಲಿಗಳಿಗೆ ಪ್ಯಾರಿಸ್‌ಗಿಂತ ಹತ್ತಿರದ ಉದಾಹರಣೆ ಅದೇ ಅಲ್ವಾ? ಅದನ್ನು ಬೆಳೆಸಿ.

ಮತ್ತೆ ಬರೆಯುವ ಮೊದಲು ಒಂದು ಅಗ್ನಿಶಾಮಕ ಠಾಣೆಗೆ ಹೋಗಿ ಬನ್ನಿ. ಅನುಮತಿ ಕೇಳಿ ನೀರು ತುಂಬಿದ ಹೋಸ್ ಎತ್ತಿ ನೋಡಿ. ಬೇಸ್‌ಮೆಂಟಿನ ಹೊಗೆಯೊಳಗೆ ಇಳಿದವರು ಸಿಕ್ಕರೆ ಕೇಳಿ: ಯಂತ್ರ ಕೈಗೆ ಬಂದರೆ ಯಾವ ಬಾಗಿಲಿಗೆ ಅದನ್ನು ಕಳಿಸುತ್ತೀರಿ, ಯಾವ ಬಾಗಿಲಿಗೆ ನೀವೇ ಹೋಗುತ್ತೀರಿ? ಕಾಂಕ್ರೀಟಿನ ಕೆಳಗೆ ರಿಮೋಟಿನ ಸಿಗ್ನಲ್ ಕಡಿದುಹೋದರೆ ಏನು ಮಾಡುತ್ತೀರಿ? ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

— ಸಂಪಾದಕ